ಮಾಮ, ನೀನು ಯಾಕೆ ಅರ್ಧ ಅರ್ಧ ಮಾತಾಡ್ತೀಯಾ?

ಭಾನುವಾರ ವಿಡಿಯೋ ಕಾಲ್‌ನಲ್ಲಿ ಅಕ್ಕನ ಮಗಳು ಕೇಳಿದ ಮಾತು ಇದು. ಅವಳಿಗೆ ಐದು ವರ್ಷ. ವೈಫೈ, ಸಿಗ್ನಲ್ ಅಂದ್ರೆ ಏನು ಅಂತ ಅವಳಿಗೆ ಗೊತ್ತಿಲ್ಲ. ಅವಳು ನೋಡಿರುವುದು ಇಷ್ಟೇ: ಮಾಮ ಒಂದು ಪದ ಹೇಳುತ್ತಾನೆ, ಬಾಯಿ ತೆರೆದುಕೊಂಡೇ ನಿಂತುಬಿಡುತ್ತಾನೆ, ಆಮೇಲೆ ನಾಲ್ಕು ಪದ ಒಟ್ಟಿಗೆ ಉದುರಿಸುತ್ತಾನೆ. ಮಾಮ ಮಾತಾಡುವ ರೀತಿಯೇ ಹೀಗೆ ಅಂದುಕೊಂಡಿದ್ದಾಳೆ. ಅಕ್ಕ ಪಕ್ಕದಿಂದ "ನೆಟ್ ಸರಿ ಇಲ್ಲ ಪುಟ್ಟಿ" ಅಂದಳು. ನಾನೂ ಒಂದು ವರ್ಷದಿಂದ ಅದನ್ನೇ ಹೇಳುತ್ತಾ ಬಂದಿದ್ದೆ.

ಕಾಲ್ ಮುಗಿದ ಮೇಲೂ ಆ ಮಾತು ಬಿಡಲಿಲ್ಲ. ಅರ್ಧ ಅರ್ಧ ಮಾತು. ಯಾವಾಗ್ಲೂ.

ನೆಟ್ ಸರಿಯಾಗಿಯೇ ಇದೆ ಅಂತ ಹೋದ ತಿಂಗಳೇ ಒಬ್ಬ ಹುಡುಗ ಹೇಳಿದ್ದ, ಲೈನ್ ನೋಡಲು ಬಂದಿದ್ದವನು. ತನ್ನ ಫೋನ್‌ನಲ್ಲಿ ಸ್ಪೀಡ್ ತೋರಿಸಿ, "ಸರ್, ಲೈನ್ ಚೆನ್ನಾಗಿದೆ, ನಿಮ್ಮ ಲ್ಯಾಪ್‌ಟಾಪೇ ಹಿಡೀತಿಲ್ಲ" ಅಂದ. ನಾನು ರೇಗಿದೆ. ಎಲ್ಲರೂ ಹೀಗೇ ಜಾರಿಕೊಳ್ತಾರೆ ಅಂದುಕೊಂಡೆ. ಅವನು ಮಾತ್ರ ದನಿ ಏರಿಸದೆ, ಇನ್ನೊಂದ್ಸಲ ತೋರಿಸಿ, ನಮಸ್ಕಾರ ಹೇಳಿ ಹೋದ. ತಾಳ್ಮೆ ಇರುವ, ಕೆಲಸ ಗೊತ್ತಿರುವ ಹುಡುಗ. ಅವನು ಹೇಳಿದ್ದೇ ಸರಿ. ಅವನ ಮಾತು ಕೇಳಿದ್ದರೆ ಒಂದು ತಿಂಗಳು ಮೊದಲೇ ನನಗೆ ಇದೆಲ್ಲ ಗೊತ್ತಾಗುತ್ತಿತ್ತು.

ಭಾನುವಾರ ರಾತ್ರಿಯೇ ಕೂತು ಸ್ಪೀಡ್ ಅಳೆದು ನೋಡಿದೆ. ಒಂದೇ ಮೇಜು, ಅಕ್ಕಪಕ್ಕ. ಫೋನ್‌ನಲ್ಲಿ 140 ಎಂಬಿಪಿಎಸ್, ಲ್ಯಾಪ್‌ಟಾಪ್‌ನಲ್ಲಿ 9. ನನ್ನ ಲ್ಯಾಪ್‌ಟಾಪ್ 2016ರದ್ದು. ಮನೆಯ ವೈಫೈ ಸಾಮಾನ್ಯವಾಗಿ ಓಡುವುದು ಎರಡು ರೇಡಿಯೋ ದಾರಿಗಳಲ್ಲಿ, 2.4 ಮತ್ತು 5 ಗಿಗಾಹರ್ಟ್ಸ್. ನನ್ನ ಲ್ಯಾಪ್‌ಟಾಪ್ ಒಳಗಿನ ವೈಫೈ ಕಾರ್ಡ್, ಅಂದ್ರೆ ಸಿಗ್ನಲ್ ಹಿಡಿಯುವ ಸಣ್ಣ ಬಿಲ್ಲೆ, 2.4 ಮಾತ್ರ ಹಿಡಿಯುತ್ತದೆ, 5 ಅದಕ್ಕೆ ಕಾಣಿಸುವುದೇ ಇಲ್ಲ. ಅದರ ಮೇಲೆ ಅದು ಒಂದೇ ಆಂಟೆನಾದ ಕಾರ್ಡ್. ಮಾಮೂಲಿ 20 ಮೆಗಾಹರ್ಟ್ಸ್ ಅಗಲದ ಚಾನೆಲ್‌ನಲ್ಲಿ ರೌಟರ್ ಜೊತೆ ಅದರ ಗರಿಷ್ಠ ಲಿಂಕ್ ವೇಗವೇ 72 ಎಂಬಿಪಿಎಸ್, ಕೈಗೆ ಸಿಗುವುದು ಅದಕ್ಕಿಂತ ಎಷ್ಟೋ ಕಡಿಮೆ. ಚಾನೆಲ್ ಅಂದ್ರೆ ಆ ದಾರಿಯೊಳಗಿನ ಒಂದೊಂದು ಓಣಿ. 2.4ರಲ್ಲಿ ಒಂದಕ್ಕೊಂದು ತಾಗದ ಚಾನೆಲ್ ಮೂರೇ, 1, 6 ಮತ್ತು 11. ಸುತ್ತಲಿನ ಮನೆಗಳ ರೌಟರ್‌ಗಳೆಲ್ಲ ಆ ಮೂರರಲ್ಲೇ ಜಾಗ ಹಂಚಿಕೊಳ್ಳಬೇಕು.

ಅಷ್ಟಾದರೂ ಒಂದು ವಿಡಿಯೋ ಕಾಲ್‌ಗೆ 9 ಸಾಕಲ್ವಾ? ಸಾಕು. ಹಾಗಾದರೆ ಮಾತು ಯಾಕೆ ತುಂಡಾಗುತ್ತಿತ್ತು? ಸೋಮವಾರ ಇಡೀ ದಿನ ಇದೇ ತಲೆಯಲ್ಲಿತ್ತು.

ಉತ್ತರ ಸಿಕ್ಕಿದ್ದು ಹೆಡ್‌ಸೆಟ್‌ನಲ್ಲಿ. ನನ್ನದು ಬ್ಲೂಟೂತ್ ಹೆಡ್‌ಸೆಟ್, ಬ್ಲೂಟೂತ್ ಕೂಡ 2.4ರಲ್ಲೇ ಓಡುತ್ತದೆ. ಈ ಕಾರ್ಡ್‌ನಲ್ಲಿ ವೈಫೈ ಮತ್ತು ಬ್ಲೂಟೂತ್ ಎರಡೂ ಒಂದೇ ಆಂಟೆನಾವನ್ನು ಸರದಿಯಲ್ಲಿ ಬಳಸುತ್ತವೆ. ಸುಮ್ನೆ ಏನಾದರೂ ಓದುವಾಗ ಇದು ಗೊತ್ತೇ ಆಗುವುದಿಲ್ಲ. ಅಕ್ಕನಿಗೆ ಕಾಲ್ ಮಾಡಿ ಹೆಡ್‌ಸೆಟ್ ಹಾಕಿಕೊಂಡ ತಕ್ಷಣ ನನ್ನ ದನಿ ಹೆಡ್‌ಸೆಟ್‌ನಿಂದ ಲ್ಯಾಪ್‌ಟಾಪ್‌ಗೆ ಹೋಗುವುದೂ, ಲ್ಯಾಪ್‌ಟಾಪ್‌ನಿಂದ ರೌಟರ್‌ಗೆ ಹೋಗುವುದೂ ಒಂದೇ ಬಾಗಿಲಲ್ಲಿ. ಒಂದು ಹೋಗುವಾಗ ಇನ್ನೊಂದು ಕಾಯಬೇಕು. ಆ ಮಗುವಿಗೆ ಕೇಳಿಸುತ್ತಿದ್ದ ಅರ್ಧ ಮಾತು ಅದೇ. ಹೆಡ್‌ಸೆಟ್ ತೆಗೆದು ಅಳೆದೆ, 9 ಇದ್ದದ್ದು 31 ಆಯಿತು. ಮತ್ತೆ ಹಾಕಿದೆ, ಮತ್ತೆ ಇಳಿಯಿತು. ನಾಲ್ಕು ಸಲ ಮಾಡಿ ನೋಡಿದೆ.

ಅಳೆದು ನೋಡಿದಾಗಿನಿಂದ ಆ ಕಾರ್ಡನ್ನೇ ಬದಲಿಸುವ ಯೋಚನೆ ತಲೆಯಲ್ಲಿತ್ತು. ಇಲ್ಲಿಗೆ ಅದನ್ನು ಬಿಡಬಹುದಿತ್ತು. ವೈರ್ ಇರುವ ಇಯರ್‌ಫೋನ್ ಹಾಕಿಕೊಂಡರೆ ಅರ್ಧ ತೊಂದರೆ ಹೋಯ್ತು. ಆಫೀಸಿನ ಗೆಳೆಯನಿಗೆ ಹೇಳಿದರೆ, "ಹತ್ತು ವರ್ಷದ ಡಬ್ಬ ಕಣೋ ಅದು, ಬಿಸಾಕು, ಹೊಸದು ತಗೋ" ಅಂದ. ಒಳ್ಳೆಯವನು, ಆದರೆ ಏನು ಕೆಟ್ಟರೂ ಅವನದು ಒಂದೇ ಉತ್ತರ, ಹೊಸದು ತಗೋ. ಎಲ್ಲಿ ಕೆಟ್ಟಿದೆ ಅಂತ ನೋಡುವ ಹತ್ತು ನಿಮಿಷ ಅವನಿಗೆ ಸಿಗುವುದೇ ಇಲ್ಲ. ಈ ಲ್ಯಾಪ್‌ಟಾಪ್‌ನ ಕೀಬೋರ್ಡ್, ತೆರೆ ಎರಡೂ ಚೆನ್ನಾಗಿವೆ. ಮೂರು ವರ್ಷದ ಹಿಂದೆ ಹಳೇ ಹಾರ್ಡ್‌ಡಿಸ್ಕ್ ತೆಗೆದು ವೇಗದ ಎಸ್‌ಎಸ್‌ಡಿ ಹಾಕಿದ ಮೇಲೆ ನನ್ನ ಕೆಲಸಕ್ಕೆ ಏನೂ ಕಡಿಮೆ ಆಗಿಲ್ಲ. ಬೆರಳಷ್ಟೂ ಇಲ್ಲದ ಒಂದು ಕಾರ್ಡ್‌ಗಾಗಿ ಇಡೀ ಯಂತ್ರವನ್ನು ಎಸೆಯೋಕೆ ನನಗೆ ಮನಸ್ಸು ಬರುವುದಿಲ್ಲ. ಹೊರಗಿನಿಂದ ವೈಫೈ ಕೊಡುವ ಯುಎಸ್‌ಬಿ ಡಾಂಗಲ್ ಸಿಕ್ಕಿಸಬಹುದು ನಿಜ, ಆದರೆ ಇರುವ ಪೋರ್ಟ್ ಎರಡು, ಎರಡಕ್ಕೂ ಕೆಲಸ ಇದೆ.

ಮಂಗಳವಾರ ಬ್ಯಾಟರಿ ಬಿಚ್ಚಿಟ್ಟು ಹಿಂದಿನ ಮುಚ್ಚಳ ತೆಗೆದೆ. ನನಗಿದ್ದ ಭಯ ಒಂದೇ. ಒಂದೇ ಆಂಟೆನಾದ ಕಾರ್ಡ್ ಇರುವ ಲ್ಯಾಪ್‌ಟಾಪ್‌ಗಳಲ್ಲಿ ಎಷ್ಟೋ ಸಲ ಎರಡನೇ ಆಂಟೆನಾದ ವೈರನ್ನು ಎಳೆದೇ ಇರುವುದಿಲ್ಲ. ಹಾಗಿದ್ದರೆ ಎಂಥ ಕಾರ್ಡ್ ತಂದರೂ ಅರ್ಧವೇ ಕೆಲಸ ಮಾಡುತ್ತದೆ. ಕಪ್ಪು ವೈರ್ ಕಾರ್ಡ್‌ಗೆ ಸಿಕ್ಕಿಸಿತ್ತು. ಟಾರ್ಚ್ ಹಿಡಿದು ನೋಡಿದೆ. ಕೀಲಿನ ಹತ್ತಿರದಿಂದ ಒಂದು ಬಿಳಿ ವೈರ್ ಬಂದು, ತುದಿಗೆ ಸಣ್ಣ ಪ್ಲಾಸ್ಟಿಕ್ ಕೊಳವೆ ಹಾಕಿಸಿಕೊಂಡು, ಅಲ್ಲೇ ಬದಿಯಲ್ಲಿ ಮಲಗಿತ್ತು. ಇಷ್ಟು ವರ್ಷ ಅದನ್ನು ಯಾರೂ ಮುಟ್ಟಿಲ್ಲ. ಎಷ್ಟು ಖುಷಿಯಾಯಿತು ಅಂದ್ರೆ, ಒಬ್ಬನೇ ಕೂತು ಜೋರಾಗಿ "ಇದೆ!" ಅಂದೆ.

ಆಮೇಲಿನದು ಯಾವ ಕಾರ್ಡ್ ಅನ್ನುವ ಲೆಕ್ಕ. ಇಂಟೆಲ್‌ನ ಎಎಕ್ಸ್200 ಮತ್ತು ಎಎಕ್ಸ್201 ಅನ್ನುವ ಎರಡು ವೈಫೈ ಕಾರ್ಡ್‌ಗಳು ನೋಡೋಕೆ ಹೆಚ್ಚುಕಡಿಮೆ ಒಂದೇ ಥರ. ಆದರೆ 201ರ ಅರ್ಧ ಕೆಲಸ ಹೊಸ ಲ್ಯಾಪ್‌ಟಾಪ್‌ಗಳ ಬೋರ್ಡ್ ಮೇಲಿನ ಇಂಟೆಲ್ ಚಿಪ್‌ಸೆಟ್‌ನ ಒಳಗೇ ನಡೆಯುತ್ತದೆ, ಹಾಗಾಗಿ ನನ್ನ ಹಳೇ ಬೋರ್ಡ್‌ನಲ್ಲಿ ಅದು ಏಳುವುದೇ ಇಲ್ಲ. ಎಎಕ್ಸ್210 ತಗೊಂಡರೆ 6 ಗಿಗಾಹರ್ಟ್ಸ್ ಅನ್ನುವ ಇನ್ನೊಂದು ದಾರಿ ಕೂಡ ಸಿಗುತ್ತದೆ. ಆದರೆ ಆ 6 ಬಳಸೋಕೆ ವಿಂಡೋಸ್‌ನಲ್ಲಾದರೆ 11 ಬೇಕು, ಹಾಗೇ ಅಂಥ ರೌಟರ್ ಬೇಕು. ನನ್ನ ಹತ್ತಿರ ಎರಡೂ ಇಲ್ಲ. ನನ್ನ ರೌಟರ್ ವೈಫೈ 5 ಅನ್ನುವ ಪೀಳಿಗೆಯದ್ದು, ಎರಡು ಆಂಟೆನಾಗೆ ಅದು ಕೊಡುವ ಲಿಂಕ್ 866 ಎಂಬಿಪಿಎಸ್‌ವರೆಗೆ. 72ರಿಂದ ಅಲ್ಲಿಗೆ ಹೋದರೆ ನನಗೆ ಧಾರಾಳವಾಯಿತು. ವೇಗಕ್ಕಿಂತ ನನಗೆ ಬೇಕಾದದ್ದು ವೈಫೈಯನ್ನು 5 ಗಿಗಾಹರ್ಟ್ಸ್‌ಗೆ ಕಳಿಸಿ, 2.4ರ ಬಾಗಿಲನ್ನು ಹೆಡ್‌ಸೆಟ್‌ಗೆ ಬಿಟ್ಟುಕೊಡುವುದು. ಒಂದು ಅನುಮಾನ ಉಳಿದಿತ್ತು. ಕೆಲವು ಹಳೇ ಲ್ಯಾಪ್‌ಟಾಪ್‌ಗಳ ಬಯೋಸ್, ಅಂದ್ರೆ ಯಂತ್ರವನ್ನು ಮೊದಲು ಎಬ್ಬಿಸುವ ಸಾಫ್ಟ್‌ವೇರ್, ತನ್ನ ಪಟ್ಟಿಯಲ್ಲಿ ಇಲ್ಲದ ಕಾರ್ಡ್ ಕಂಡರೆ ಶುರುವಾಗುವುದಕ್ಕೇ ಒಪ್ಪುವುದಿಲ್ಲ. ದುಡ್ಡು ಕೊಟ್ಟು ಕೊಂಡ ಯಂತ್ರಕ್ಕೆ ಹೀಗೆ ಬೀಗ ಹಾಕುವುದು ನನ್ನ ಪ್ರಕಾರ ಅನ್ಯಾಯ. ಇದೇ ಮಾಡೆಲ್‌ನಲ್ಲಿ ಕಾರ್ಡ್ ಬದಲಿಸಿದ ಪರಿಚಯದವರೊಬ್ಬರನ್ನು ಕೇಳಿದೆ. "ಏನೂ ತೊಂದ್ರೆ ಇಲ್ಲ, ಹಾಕಿ" ಅಂದರು. ಎಎಕ್ಸ್200 ಆರ್ಡರ್ ಮಾಡಿದೆ.

ಶನಿವಾರ ಬರುತ್ತದೆ. ಅಲ್ಲಿಯವರೆಗೆ ರೌಟರ್‌ನಿಂದ ಮೇಜಿನವರೆಗೆ ಉದ್ದದ ಲ್ಯಾನ್ ಕೇಬಲ್ ಎಳೆದಿದ್ದೇನೆ. ನಿನ್ನೆ ಸಂಜೆ ಅದರಲ್ಲೇ ಅಕ್ಕನಿಗೆ ಕಾಲ್ ಮಾಡಿದೆ. ಪುಟ್ಟಿ ಬಂದು ಕೂತಳು. ನಾನು ಮಾತು ಶುರು ಮಾಡಿ ಪೂರ್ತಿ ಮುಗಿಸಿದೆ. ಅವಳು ಇನ್ನೂ ಕಾಯುತ್ತಾ ನನ್ನ ಬಾಯಿಯನ್ನೇ ನೋಡುತ್ತಿದ್ದಳು. "ಮುಗೀತು ಪುಟ್ಟಿ, ಈಗ ನೀನು ಹೇಳು" ಅಂದೆ.