ಅಪ್ಪನಿಗೆ ಬಂದೂಕು ಹಾರಿಸ್ತಾರಾ?

ರಾತ್ರಿ ಹತ್ತರ ಮೇಲೆ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದರೆ ನನಗೆ ಅಂದಾಜಾಗುತ್ತದೆ. "ಕಾಕಾ, ಅಪ್ಪಾರು ಹೋದ್ರು. ಮಿಲಿಟರಿಯವರು ಬಂದು ಬಂದೂಕು ಹಾರಸ್ತಾರೇನ್ರಿ? ಯಾರಿಗೆ ಹೇಳ್ಬೇಕು?"

ನಾನು ಸೈನ್ಯದಲ್ಲಿ ಕ್ಲರ್ಕ್ ಆಗಿದ್ದವನು. ಈಗ ಪುಣೆಯ ದಿಘಿಯಲ್ಲಿದ್ದೇನೆ. ಬೆಳಗಾವಿ, ವಿಜಯಪುರದ ಕಡೆಯಿಂದ ಬಂದು ಇಲ್ಲೇ ಉಳಿದ ಮಾಜಿ ಸೈನಿಕರ ಮನೆಗಳಿಗೆ ನನ್ನ ನಂಬರ್ ಹೇಗೋ ತಲುಪಿಬಿಟ್ಟಿದೆ.

ನನ್ನ ಉತ್ತರ ಇಷ್ಟೇ: ಹೇಳಿದರೆ ಬರಬಹುದು, ಹೇಳದಿದ್ದರೆ ಬರುವುದಿಲ್ಲ. ನಿವೃತ್ತನಾದವನು ತೀರಿಕೊಂಡರೆ ಸೈನ್ಯಕ್ಕೆ ತಾನಾಗಿ ತಿಳಿಯುವುದಿಲ್ಲ. ಪಿಂಚಣಿಗೆಂದು ವರ್ಷಕ್ಕೊಮ್ಮೆ ಕೊಡುವ ಜೀವನ ಪ್ರಮಾಣ ಪತ್ರ ಬಾರದೆ ಹೋದಾಗ ಯಾವುದೋ ಕಂಪ್ಯೂಟರಿಗೆ ಅನುಮಾನ ಬರುತ್ತದೆ, ಅಷ್ಟೆ. ಹೇಳಬೇಕಾದ್ದು ಹತ್ತಿರದ ಸ್ಟೇಷನ್ ಹೆಡ್‌ಕ್ವಾರ್ಟರ್ಸ್‌ಗೆ, ಅಂದರೆ ಸೈನ್ಯದ ಸ್ಥಳೀಯ ಕಚೇರಿಗೆ. ಜೊತೆಗೆ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೂ ಒಂದು ಫೋನ್ ಮಾಡಿ. ಪುಣೆಯಲ್ಲಿ ಸೈನ್ಯದ ಸದರ್ನ್ ಕಮಾಂಡಿನ ಮುಖ್ಯ ಕಚೇರಿ ಇದೆ, ಇಲ್ಲೇ ಖಡ್ಕಿಯಲ್ಲಿ ಸೈನ್ಯದ ಎಂಜಿನಿಯರ್ ದಳವಾದ ಬಾಂಬೆ ಸ್ಯಾಪರ್ಸ್ ಇದ್ದಾರೆ. ಊರಿನ ತುಂಬ ಫೌಜಿಗಳೇ. ಅದು ನಮ್ಮ ಅದೃಷ್ಟ. ಇದೇ ಸಾವು ಇಂಡಿ ತಾಲ್ಲೂಕಿನ ಹಳ್ಳಿಯಲ್ಲಾದರೆ ಅಷ್ಟು ಬೇಗ ಯಾರು ಬರಬೇಕು, ಹೇಳಿ?

ಬಂದವರು ಏನು ಮಾಡುತ್ತಾರೆ ಅನ್ನುವುದರಲ್ಲೇ ಜಾಸ್ತಿ ಗೊಂದಲ. ಟಿವಿಯಲ್ಲಿ ಗಡಿಯಲ್ಲಿ ಸತ್ತ ಜವಾನನ ಅಂತ್ಯಕ್ರಿಯೆ ನೋಡಿರುತ್ತೀರಿ. ಅದು ಸೇವೆಯಲ್ಲಿದ್ದಾಗಿನ ಸಾವು. ಮೂವತ್ತು ವರ್ಷ ಪಿಂಚಣಿ ತಿಂದು ಮೊಮ್ಮಕ್ಕಳ ನಡುವೆ ಕಣ್ಣು ಮುಚ್ಚಿದವರ ವಿಷಯ ಬೇರೆ. ಪದಕ, ಹುದ್ದೆ, ಆ ಹೊತ್ತಿಗೆ ಎಷ್ಟು ಜನ ಸಿಗುತ್ತಾರೆ, ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ಒಬ್ಬ ಸುಬೇದಾರ್ ಸಾಹೇಬರು, ನಾಲ್ಕು ಜವಾನರು, ಒಂದು ಪುಷ್ಪಚಕ್ರ ಬಂದರೆ ಅದೂ ಗೌರವವೇ. ಇನ್ನು ಕೆಲವರು ಸಾಹಿತಿಗಳಿಗೆ, ನಟರಿಗೆ ಪೊಲೀಸರು ಗುಂಡು ಹಾರಿಸಿದ್ದನ್ನು ನೋಡಿ "ನಮಗೂ ಹಾಗೇ" ಅನ್ನುತ್ತಾರೆ. ಅದು ರಾಜ್ಯ ಸರ್ಕಾರದ ಗೌರವ. ಅದರ ಬಾಗಿಲೇ ಬೇರೆ.

ಬಂದೂಕಿಗಿಂತ ನನಗೆ ಮುಖ್ಯ ಅನಿಸುವುದು ಬ್ಯೂಗಲ್. ಜವಾನರು 'ಶೋಕ ಶಸ್ತ್ರ' ಮಾಡಿ, ರೈಫಲ್ ತಲೆಕೆಳಗಾಗಿಸಿ ತಲೆ ಬಾಗಿಸಿ ನಿಂತಿರುತ್ತಾರೆ. ಆಗ ಲಾಸ್ಟ್ ಪೋಸ್ಟ್ ಕೇಳಿಸುತ್ತದೆ. ಸೈನ್ಯದ ಶಿಬಿರದಲ್ಲಿ ಇವತ್ತಿನ ಕೆಲಸ ಮುಗಿಯಿತು, ಪಹರೆಯವರು ತಮ್ಮ ಜಾಗದಲ್ಲಿದ್ದಾರೆ, ನೀವು ಮಲಗಬಹುದು ಎಂದು ಹೇಳಲು ಹಿಂದೆ ಊದುತ್ತಿದ್ದ ಧಾಟಿ ಅದು. ಗೊತ್ತಿದ್ದು ಕೇಳಿದರೆ ಎದೆಗೆ ನಾಟುತ್ತದೆ.

ಬಾವುಟದ ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಗದರುತ್ತೇನೆ. ಅಪ್ಪನ ಮೇಲೆ ಪ್ರೀತಿಯಿಂದ ಅಂಗಡಿಗೆ ಓಡಿ ತ್ರಿವರ್ಣ ಧ್ವಜ ತಂದು ಹೊದಿಸುವವರಿದ್ದಾರೆ. ಬೇಡ. 1971ರ ಕಾನೂನಿನ ಪ್ರಕಾರ ಸರ್ಕಾರಿ, ಸೈನಿಕ ಮತ್ತು ಅರೆಸೇನಾ ಅಂತ್ಯಕ್ರಿಯೆ ಬಿಟ್ಟರೆ ಬೇರೆಲ್ಲೂ ಧ್ವಜವನ್ನು ಹೊದಿಕೆಯಾಗಿ ಬಳಸುವಂತಿಲ್ಲ. ಮೂರು ವರ್ಷದವರೆಗೆ ಜೈಲು ಆಗಬಹುದು. ಸೈನ್ಯದವರೇ ತಂದು ಹೊದಿಸಿದರೆ ಕೇಸರಿ ತಲೆಯ ಕಡೆ ಇರಬೇಕು. ಚಿತೆಗೆ ಬೆಂಕಿ ಕೊಡುವ ಮೊದಲು ತೆಗೆಯಲೇಬೇಕು. ಧ್ವಜ ಸುಡುವಂತಿಲ್ಲ, ಕುಣಿಯೊಳಗೆ ಇಳಿಯುವಂತಿಲ್ಲ. ಒಮ್ಮೆ ವೈಕುಂಠ ಸ್ಮಶಾನದಲ್ಲಿ ಪುರೋಹಿತರು ಅವಸರ ಮಾಡುತ್ತಿದ್ದರು. ಮಗ ಕೊಳ್ಳಿ ಹಿಡಿದು ನಿಂತಿದ್ದ. ಮನೆಯವರೇ ಹೊದಿಸಿದ್ದ ಬಾವುಟ ಹಾಗೇ ಇತ್ತು. ನಾನೇ ಕೂಗಿ ತೆಗೆಸಿದೆ. ಆ ಮನೆಯವರಿಗೆ ಇವತ್ತಿಗೂ ನನ್ನ ಮೇಲೆ ಸಿಟ್ಟಿದೆ ಅನಿಸುತ್ತದೆ. ಇರಲಿ.

ನಿಜವಾದ ತೊಂದರೆ ಅಂದರೆ ಸಮಯ. ನಮ್ಮಲ್ಲಿ ಬೆಳಗ್ಗೆ ಹೋದವರನ್ನು ಸಂಜೆಯೊಳಗೆ ಕಳಿಸಿಬಿಡುತ್ತೇವೆ. ಅಷ್ಟರಲ್ಲಿ ಫೋನಿನ ಆಚೆಯ ಸೈನ್ಯದವರು ಕೇಳುತ್ತಾರೆ: ಸರ್ವಿಸ್ ನಂಬರ್ ಏನು? ರ‍್ಯಾಂಕ್? ಯಾವ ರೆಜಿಮೆಂಟ್? ಯಾವ ಸ್ಮಶಾನ, ಎಷ್ಟು ಗಂಟೆಗೆ? ಕೊನೆಯ ಎರಡಕ್ಕೆ ಉತ್ತರ ಸಿಗುತ್ತದೆ. ಮೊದಲನೆಯದಕ್ಕೆ ಮಕ್ಕಳು ಮುಖ ಮುಖ ನೋಡಿಕೊಳ್ಳುತ್ತಾರೆ. ಡಿಸ್ಚಾರ್ಜ್ ಬುಕ್, ಪಿಂಚಣಿ ಆದೇಶ, ಮಾಜಿ ಸೈನಿಕರ ಗುರುತಿನ ಚೀಟಿ, ಮೂರರಲ್ಲಿ ಒಂದಾದರೂ ಕೈಗೆ ಸಿಗಬೇಕು. ಫೋಟೊ ತೆಗೆದು ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಅಪ್ಪ ಬದುಕಿರುವಾಗ ಇದನ್ನು ಕೇಳುವುದು ಅಪಶಕುನ ಅಂತೀರಾ? ಕೇಳಿ ನೋಡಿ. ಫೌಜಿಗಳಿಗೆ ತಮ್ಮ ನಂಬರ್ ಹೇಳೋದು ಅಂದರೆ ಖುಷಿ. ನಂಬರಿನ ಕೊನೆಗಿರುವ ಇಂಗ್ಲಿಷ್ ಅಕ್ಷರದ ಸಮೇತ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಬಂದೂಕು, ಬ್ಯೂಗಲ್ ಅವರಿಗೆ ಬೇಕೋ ಬೇಡವೋ ಅನ್ನುವುದೂ ಆಗಲೇ ಗೊತ್ತಾಗುತ್ತದೆ. ನನಗೆ ಗೊತ್ತಿದ್ದ ಒಬ್ಬ ನಾಯಕ್ ಸಾಹೇಬರು ಬೇಡವೇ ಬೇಡ ಅಂದಿದ್ದರು. "ಹುಡುಗರಿಗೆ ಭಾನುವಾರ ಯಾಕೆ ಹಾಳು?"

ಆಮೇಲಿನದು ಕಾಗದದ ಕೆಲಸ. ಮರಣ ಪ್ರಮಾಣ ಪತ್ರ ತೆಗೆದುಕೊಳ್ಳಿ. ಪಿಂಚಣಿಯವರಿಗೆ ಬೇಗ ತಿಳಿಸಿ, ಅಮ್ಮನ ಕುಟುಂಬ ಪಿಂಚಣಿ ಶುರು ಮಾಡಿಸಿ. ಅಪ್ಪನ ಹೆಸರಿನಲ್ಲಿ ಬರುತ್ತಲೇ ಇರುವ ಹಣ ಮುಟ್ಟಬೇಡಿ, ವಾಪಸ್ ಕಟ್ಟಬೇಕಾಗುತ್ತದೆ.

ಹೋದ ಮಳೆಗಾಲದಲ್ಲಿ ವಿಶ್ರಾಂತವಾಡಿಯಿಂದ ಒಬ್ಬ ಹುಡುಗ ಫೋನ್ ಮಾಡಿದ್ದ. ಕಾಗದ ಒಂದೂ ಸಿಗುತ್ತಿಲ್ಲ, ಅಮ್ಮನಿಗೆ ಮಾತೇ ಹೊರಡುತ್ತಿಲ್ಲ.

"ಅಟ್ಟದ ಮೇಲೆ ಕರಿ ಟ್ರಂಕ್ ಐತೇನಪ್ಪಾ?"

"ಐತ್ರಿ. ಹಾಸಿಗಿ ಇಟ್ಟೀವಿ ಅದರಾಗ."

"ಮುಚ್ಚಳ ಒರೆಸಿ ನೋಡು."

ಸ್ವಲ್ಪ ಹೊತ್ತು ಬರೀ ಸದ್ದು. ಕಬ್ಬಿಣ ಎಳೆದದ್ದು, ಯಾರೋ ಸೀನಿದ್ದು. ಆಮೇಲೆ ಅವನು ಬಿಳಿ ಪೇಂಟಿನಲ್ಲಿ ಬರೆದದ್ದನ್ನು ಒಂದೊಂದೇ ಅಂಕಿ ಓದತೊಡಗಿದ. ನಾನು ಕ್ಯಾಲೆಂಡರಿನ ಹಿಂದೆ ಬರೆದುಕೊಂಡೆ.