ಬಾರಾ ಕಮಾನಿನಲ್ಲಿ ಕೇಳಿದ ಮಾತು

"ಇಂವಾ ಖರೇ ಮಗ ಅಲ್ಲಂತ ನೋಡ್ರಿ."

ಮೊನ್ನೆ ರವಿವಾರ ವಿಜಾಪುರದ ಬಾರಾ ಕಮಾನಿನಲ್ಲಿ ಒಬ್ಬ ಹಿರಿಯರು ತಮ್ಮ ಬೀಗರಿಗೆ ಇಲ್ಲಿನ ಸುಲ್ತಾನನಾಗಿದ್ದ ಎರಡನೇ ಅಲಿ ಆದಿಲ್ ಶಾಹನ ಗೋರಿ ತೋರಿಸುತ್ತ ಹೀಗಂದರು. ನಾಲ್ಕು ದಿನ ಆಯ್ತು, ಆ ಮಾತು ತಲೆಯಿಂದ ಹೋಗುತ್ತಿಲ್ಲ. ಕೆಟ್ಟ ಮನುಷ್ಯ ಅಲ್ಲ ಅನ್ನಿಸಿತು. ಆದರೆ ಓಣಿಯ ಸುದ್ದಿ ಹೇಳುವ ಹಾಗೆ ದನಿ ಇಳಿಸಿದರಲ್ಲ, ಅದಕ್ಕೇ ಸಿಟ್ಟು ಬಂತು.

ಆ ಮಾತು ಯಾರು ಹುಟ್ಟಿಸಿದ್ದು ಅಂತ ಅವರು ಹೇಳಲೇ ಇಲ್ಲ. 1656ರಲ್ಲಿ ಗೋಲಗುಮ್ಮಟದ ಮಹಮ್ಮದ್ ಆದಿಲ್ ಶಾಹ ತೀರಿಕೊಂಡ. ಪಟ್ಟಕ್ಕೆ ಬಂದ ಅಲಿಗೆ ಆಗ 18 ವರ್ಷ. ಅವನನ್ನು ಕೂರಿಸಲು ಓಡಾಡಿದವಳು ರಾಣಿ ಬಡೀ ಸಾಹಿಬಾ, ಗೋಲ್ಕೊಂಡದ ಸುಲ್ತಾನನ ಸೋದರಿ. ದಖನ್ನಿನ ಸುಭೇದಾರನಾಗಿದ್ದ ಔರಂಗಜೇಬನಿಗೆ ವಿಜಾಪುರ ಬೇಕಿತ್ತು. ಈ ಹುಡುಗ ಸುಲ್ತಾನನ ಮಗನೇ ಅಲ್ಲ, ಯಾರ ಕೂಸೋ ಏನೋ ಅನ್ನೋದೇ ನೆಪವಾಯ್ತು. 1657ರಲ್ಲಿ ಬೀದರ ಮೊಗಲರ ಕೈಗೆ ಹೋಯ್ತು, ಕಲ್ಯಾಣಿಯೂ (ಈಗಿನ ಬಸವಕಲ್ಯಾಣ) ಹೋಯ್ತು. ನಮ್ಮ ದರಬಾರಿನ ಸರದಾರರೇ ಕೆಲವರು ಆಸೆಗೆ ಬಿದ್ದು ಆ ಕಡೆ ವಾಲಿದರು. ಇದು ನನಗೆ ಇನ್ನೂ ಜಾಸ್ತಿ ನೋವು ಕೊಡುತ್ತದೆ. ಹುಡುಗನ ಮೇಲೆ ಎಸೆದ ಕೆಸರು ಸತ್ತ ಗಂಡನ ಮೇಲೂ, ಜನಾನಾದ ಹೆಣ್ಣುಮಕ್ಕಳ ಮೇಲೂ ಬಿತ್ತಲ್ವಾ? ಅವರ ಸಂಸಾರವನ್ನು ಯಾರು ಕೇಳಿದ್ದರು?

ಅಲಿ 1672ರವರೆಗೆ ಆಳಿದ. ಗೋರಿಯ ಕಟ್ಟಡ ಮಾತ್ರ ಅರ್ಧಕ್ಕೇ ನಿಂತಿತು. ಕರಿಗಲ್ಲಿನ ಕಮಾನುಗಳು, ಮೇಲೆ ಬರೀ ಆಕಾಶ.

ನನ್ನ ಜೊತೆ ಅಕ್ಕನ ಮಗ ಇದ್ದ, ಹನ್ನೊಂದರ ಹುಡುಗ. ಆರು ತಿಂಗಳ ಕೂಸಿದ್ದಾಗ ಅಕ್ಕ ತಂದು ಸಾಕಿದಳು. ಅವನಿಗೂ ಗೊತ್ತು, ಓಣಿಗೂ ಗೊತ್ತು. ಹಿರಿಯರು ಹಾಗಂದಾಗ ಅವನ ಕೈಯಲ್ಲಿ ಚುರಮುರಿ ಪೊಟ್ಟಣ ಇತ್ತು. ಬಾಯಿಗೆ ಹೊರಟಿದ್ದ ಕೈ ಅಲ್ಲೇ ನಿಂತಿತು. ಕಾಗದದ ಅಂಚನ್ನು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ.

ಇವರಿಗೆ ಈಗಲೇ ಏನಾದರೂ ಅನ್ನಬೇಕು ಅಂತ ಎರಡು ಹೆಜ್ಜೆ ಇಟ್ಟೆ. ಅಷ್ಟರಲ್ಲಿ ಹುಡುಗ ಅಂಗಿ ಜಗ್ಗಿದ.

"ಮಾಮಾ, ಮಂದಿ ಹಂಗ ಅಂದಾಗ ಅವನ ಅವ್ವ ಏನಂದ್ಲು?"

"ಅಕಿ ಅವನ ಬೆನ್ನಿಗೇ ನಿಂತ್ಲೋ," ಅಂದೆ. ಗಂಟಲು ಕಟ್ಟಿತ್ತು.

ಅವನು ಸ್ವಲ್ಪ ಹೊತ್ತು ಗೋರಿ ಕಡೆ ನೋಡಿದ. ಆಮೇಲೆ ಪೊಟ್ಟಣ ಬಿಚ್ಚಿ ನನ್ನ ಕಡೆ ಹಿಡಿದ.