ಸಾಣಿಕಟ್ಟೆಯ ಉಪ್ಪು, ಸೀ ಹ್ಯಾರಿಯರ್‌ನ ಬೂದು

ಭರಣಿಯಿಂದ ಒಂದು ಮುಷ್ಟಿ ಉಪ್ಪು ತೆಗೆದುಕೊಂಡು ಮಹಡಿ ಹತ್ತುತ್ತಿದ್ದವನನ್ನು ಆಯಿ ಮೆಟ್ಟಿಲ ಬುಡದಲ್ಲೇ ತಡೆದಳು. "ಅದು ಅಪ್ಪೆಮಿಡಿಗೆಂದು ಇಟ್ಟ ಉಪ್ಪು. ಮೇಲೆ ಎಂತಹ ಉಪ್ಪಿನಕಾಯಿ ಹಾಕುತ್ತಿದ್ದೀಯಾ?" ವಿಮಾನಕ್ಕೆ ಎಂದೆ. ತಾಲೂಕು ಕಚೇರಿಯಲ್ಲಿ ಪಹಣಿಯ ಅರ್ಜಿ ನೋಡುವ 52 ವರ್ಷದ ಮಗ ಹೀಗೆ ಉತ್ತರ ಕೊಟ್ಟರೆ ತಾಯಿಯಾದವಳು ಏನು ಹೇಳಬೇಕು? "ಹಾಗಾದರೆ ಮೆಣಸಿನ ಪುಡಿಯನ್ನೂ ಒಯ್ಯಿ" ಎಂದು ಒಳಗೆ ಹೋದಳು.

ವಿಮಾನವೆಂದರೆ ನೌಕಾಪಡೆಯ ಸೀ ಹ್ಯಾರಿಯರ್ ಯುದ್ಧವಿಮಾನದ 1/72 ಪ್ರಮಾಣದ ಪ್ಲಾಸ್ಟಿಕ್ ಮಾದರಿ. ಮೂಗಿನಿಂದ ಬಾಲದವರೆಗೆ ಅಳೆದರೆ ಸುಮಾರು 20 ಸೆಂಟಿಮೀಟರ್, ಒಂದು ಒಳ್ಳೆಯ ಬಂಗುಡೆಗಿಂತ ಸ್ವಲ್ಪ ಕಡಿಮೆ. ಕಾರವಾರದಲ್ಲಿ ಕುಳಿತವನಿಗೆ ಇದು ನೆರೆಮನೆಯ ವಿಮಾನ. 1983ರ ಕೊನೆಯಲ್ಲಿ ಗೋವೆಗೆ ಬಂದು ಇಳಿದ ಈ ವಿಮಾನಗಳು ಮೊದಲು ವಿಕ್ರಾಂತ್, ಆಮೇಲೆ ವಿರಾಟ್ ಹಡಗಿನಿಂದ ಹಾರಿ, 2016ರ ಮೇ ತಿಂಗಳಲ್ಲಿ ಅದೇ ಗೋವೆಯ ಹಂಸ ನೆಲೆಯಲ್ಲಿ ನಿವೃತ್ತವಾದವು. ನಾನು ಮಾಡುತ್ತಿರುವುದು ಮೊದಮೊದಲಿನ ಬಣ್ಣದ್ದು: ಬೆನ್ನು ಕಡುಬೂದು, ಹೊಟ್ಟೆ ಬಿಳಿ.

ಬೂದು ಎಂದರೆ ಸುಲಭ ಎಂದುಕೊಂಡವರು ಒಮ್ಮೆ ಬಳಿದು ನೋಡಬೇಕು. ಇಡೀ ಮೈಗೆ ಒಂದೇ ಬೂದು ಹಚ್ಚಿದರೆ ವಿಮಾನ ಸಾಬೂನಿನ ತುಂಡಿನಂತೆ ಕಾಣುತ್ತದೆ. ಆ ಸಪ್ಪೆತನವನ್ನು ಕಳೆಯುವುದು ಹೇಗೆ ಎಂಬುದರಲ್ಲೇ ನನ್ನ ಆರು ವರ್ಷದ ಭಾನುವಾರಗಳು ಕಳೆದಿವೆ.

ಮೊದಲ ವಿಮಾನಕ್ಕೆ ನಾನು ತುಕ್ಕು ಬಳಿದಿದ್ದೆ. ಬೈತಖೋಲ ಬಂದರಿನಲ್ಲಿ ನಿಲ್ಲುವ ದೋಣಿಗಳನ್ನು ನೋಡಿ ಬೆಳೆದ ಕಣ್ಣು, ಸಮುದ್ರದ ಮೇಲೆ ಹಳೆಯದಾದ ವಸ್ತು ಎಂದರೆ ಕೆಂಪು ತುಕ್ಕು ಇಳಿದಿರಬೇಕು ಎಂದೇ ತಿಳಿದಿತ್ತು. ಒಂದೊಂದು ಮೊಳೆಯಿಂದಲೂ ಕಾವಿ ಬಣ್ಣದ ಗೆರೆ ಎಳೆದು, ಹೆಮ್ಮೆಯಿಂದ ಎದುರುಮನೆಯ ಮಾಮನಿಗೆ ತೋರಿಸಿದೆ. ಮಾಮ ನೌಕಾಪಡೆಯಲ್ಲಿ ವಿಮಾನಗಳ ನಿರ್ವಹಣೆ ಮಾಡಿ ನಿವೃತ್ತರಾದವರು, ಮಾತು ಕಡಿಮೆ. ಕನ್ನಡಕ ಏರಿಸಿ ನೋಡಿ, "ಅಲ್ಯೂಮಿನಿಯಂಗೆ ತುಕ್ಕು ಬರುತ್ತದೆಯೇ ಮಾರಾಯನೇ? ಬಿಳಿ ಪುಡಿ ಬರುತ್ತದೆ. ಅದು ಬರಲು ಬಿಟ್ಟರೆ ನನ್ನನ್ನು ಮನೆಗೆ ಕಳಿಸುತ್ತಿದ್ದರು" ಎಂದರು. ಹಡಗಿನಲ್ಲಿರುವ ವಿಮಾನವನ್ನು ಉಪ್ಪು ಹೋಗುವಂತೆ ಸಿಹಿನೀರಿನಲ್ಲಿ ತೊಳೆಯುತ್ತಾರಂತೆ. ಬಣ್ಣ ಎದ್ದಲ್ಲಿ ಕೆರೆದು, ಅಷ್ಟಕ್ಕೇ ಹೊಸ ಬಣ್ಣ ಹಚ್ಚುತ್ತಾರಂತೆ. ಹಾಗಾಗಿ ಬಿಸಿಲಿಗೆ ಮಾಸಿದ ಹಳೆಯ ಬೂದಿನ ನಡುವೆ ಅಲ್ಲಲ್ಲಿ ಹೊಸ ಕಡುಬೂದಿನ ತೇಪೆಗಳು. ನನಗೆ ಬೇಕಾದದ್ದು ಆ ತೇಪೆ, ತುಕ್ಕಲ್ಲ.

ತುಕ್ಕು ಬಿಟ್ಟ ಮೇಲೆ ಎಲ್ಲರಂತೆ ಪ್ರೀ-ಶೇಡಿಂಗ್ ಹಿಡಿದುಕೊಂಡೆ. ವಿಮಾನದ ಮೈ ಎಂದರೆ ತಗಡುಗಳ ಜೋಡಣೆ. ಆ ಜೋಡಣೆಯ ಗೆರೆಗಳನ್ನು ಪ್ಯಾನೆಲ್ ಲೈನ್ ಎನ್ನುತ್ತಾರೆ. ಅಡಿಬಣ್ಣದ ಮೇಲೆ ಆ ಗೆರೆಗಳಗುಂಟ ಕಪ್ಪು ಸಿಂಪಡಿಸಿ, ಅದರ ಮೇಲೆ ಮುಖ್ಯ ಬಣ್ಣವನ್ನು ತೆಳುವಾಗಿ ಪದರ ಪದರವಾಗಿ ಹಾಕಿದರೆ, ಕಪ್ಪು ಅರ್ಧ ಮುಚ್ಚಿ ಅರ್ಧ ಇಣುಕುತ್ತದೆ. ಕಲಿಯಲು ಸುಲಭ, ಕಣ್ಣಿಗೂ ತಕ್ಷಣ ಹಿಡಿಸುತ್ತದೆ. ನನ್ನ ಕಪಾಟಿನಲ್ಲಿ ಹಾಗೆ ಮಾಡಿದವು ನಾಲ್ಕಿವೆ. ಸಾಲಾಗಿ ಇಟ್ಟು ನೋಡಿದ ಒಂದು ದಿನ, ನಾಲ್ಕೂ ಅಂಗಳಕ್ಕೆ ಹಾಸಿದ ಚೌಕದ ಕಲ್ಲಿನಂತೆ ಕಂಡವು. ಪ್ರತಿ ಚೌಕದ ಅಂಚು ಕಪ್ಪು, ನಡು ಬಿಳುಪು. ಬಿಸಿಲು, ಮಳೆ, ಎಣ್ಣೆ ಯಾವುದಾದರೂ ಗೆರೆ ನೋಡಿಕೊಂಡು ಬೀಳುತ್ತದೆಯೇ?

ಸಂಶಯ ಬಂದ ಮೇಲೆ ಪರೀಕ್ಷಿಸದೆ ಇರುವುದು ನನ್ನಿಂದ ಆಗದು. ನಮ್ಮೂರಿನ ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ, ಚಪಲ್ ಯುದ್ಧನೌಕೆಯ ಪಕ್ಕದಲ್ಲಿ, ನೌಕಾಪಡೆಯ ಹಳೆಯ ಗಸ್ತು ವಿಮಾನ ಟುಪೊಲೆವ್-142 ನಿಂತಿದೆ. ರೆಕ್ಕೆಯ ತುದಿಯಿಂದ ತುದಿಗೆ 50 ಮೀಟರ್. ನಾಲ್ಕು ಎಂಜಿನ್, ಒಂದೊಂದಕ್ಕೂ ಎದುರು ಬದುರು ತಿರುಗುವ ಎರಡೆರಡು ಸುತ್ತು ಪಂಕ. 1988ರಲ್ಲಿ ಎಂಟು ಬಂದವು, ಮೊದಲು ಗೋವೆಯಲ್ಲಿದ್ದು 1992ರಲ್ಲಿ ತಮಿಳುನಾಡಿನ ಅರಕ್ಕೋಣಂಗೆ ಹೋದವು, 2017ರ ಮಾರ್ಚ್‌ನಲ್ಲಿ ಸೇವೆ ಮುಗಿಸಿದವು. ಜನ ಅದರ ಮುಂದೆ ಸೆಲ್ಫಿ ತೆಗೆಯುತ್ತಾರೆ. ನಾನು ಹೆಜ್ಜೆ ಎಣಿಸಲು ಹೋದೆ.

ಲೆಕ್ಕ ಹೀಗೆ. ಮಾದರಿಯನ್ನು ನಾವು ನೋಡುವುದು ಸುಮಾರು 30 ಸೆಂಟಿಮೀಟರ್ ದೂರದಿಂದ. 72ರಿಂದ ಗುಣಿಸಿದರೆ 21.6 ಮೀಟರ್. ಅಂದರೆ ಅಂಗೈಯ ಮೇಲಿರುವ ಹ್ಯಾರಿಯರ್ ನಿಜವಾದ ವಿಮಾನವನ್ನು ಇಪ್ಪತ್ತೆರಡು ಮೀಟರ್ ಆಚೆಯಿಂದ ನೋಡಿದಂತೆ ಕಾಣಬೇಕು. ನನ್ನ ಹೆಜ್ಜೆಯಲ್ಲಿ ಮೂವತ್ತು. ಟುಪೊಲೆವ್‌ನ ಪಕ್ಕೆಗೆ ಮೂಗು ತಾಗಿಸುವಷ್ಟು ಹತ್ತಿರ ನಿಂತಾಗ ಮೊಳೆಗಳ ಸಾಲು, ತಗಡಿನ ಅಂಚು, ಎಲ್ಲ ಸ್ಪಷ್ಟ. ಒಂದು, ಎರಡು ಎಂದು ಹಿಂದೆ ಸರಿಯುತ್ತ ಹೋದೆ (ಯಾರೋ ಹುಡುಗರು ನಕ್ಕರು). ಹತ್ತರ ಹೊತ್ತಿಗೆ ಮೊಳೆ ಕಣ್ಮರೆ. ಮೂವತ್ತಕ್ಕೆ ತಗಡಿನ ಗೆರೆಗಳನ್ನು ಹುಡುಕಬೇಕಾಯಿತು, ಬಾಗಿಲು ಮತ್ತು ಆಡುವ ರೆಕ್ಕೆಯಂಚುಗಳ ಸಂದು ಮಾತ್ರ ಉಳಿಯಿತು. ಆದರೆ ಒಂದು ತಗಡಿಗೂ ಇನ್ನೊಂದಕ್ಕೂ ಇರುವ ಬಣ್ಣದ ಚೂರು ವ್ಯತ್ಯಾಸ, ಮೇಲಿನಿಂದ ಕೆಳಗೆ ಇಳಿದ ನೀರಿನ ಕಲೆ, ರೆಕ್ಕೆಯ ಕೆಳಗಿನ ನೆರಳು ಅಷ್ಟು ದೂರಕ್ಕೂ ಕಾಣುತ್ತಿದ್ದವು. ಗೆರೆ ಹೋಗುತ್ತದೆ, ಕಲೆ ಉಳಿಯುತ್ತದೆ. ನಾನು ನಾಲ್ಕು ವಿಮಾನಗಳಲ್ಲಿ ಇದನ್ನು ತಿರುವುಮುರುವಾಗಿ ಮಾಡಿದ್ದೆ.

ಯಕ್ಷಗಾನದ ಆಟದ ಚೌಕಿಯಲ್ಲಿ ಕುಳಿತು ವೇಷಧಾರಿಯ ಮುಖವನ್ನು ಹತ್ತಿರದಿಂದ ನೋಡಿದವರಿಗೆ ಇದರ ಇನ್ನೊಂದು ಮಗ್ಗುಲು ಗೊತ್ತಿರುತ್ತದೆ. ಅಲ್ಲಿ ಬಣ್ಣ ವಿಪರೀತ ಎನ್ನಿಸುತ್ತದೆ, ಗದ್ದೆಯ ಕೊನೆಯಲ್ಲಿ ಚಾಪೆ ಹಾಸಿ ಕೂತವನಿಗೆ ಸರಿಯಾಗಿ ಕಾಣುತ್ತದೆ. ನಮ್ಮ ಕೆಲಸ ಅದರ ಉಲ್ಟಾ: ಹತ್ತಿರ ಕುಳಿತವನಿಗೆ ದೂರದ್ದನ್ನು ತೋರಿಸುವುದು. ಅದಕ್ಕೇ ಬಣ್ಣವನ್ನೂ ಡಬ್ಬಿಯಲ್ಲಿದ್ದಂತೆ ಹಚ್ಚುವುದಿಲ್ಲ. ನಡುವಿನ ಗಾಳಿ ದೂರದ ಬಣ್ಣವನ್ನು ತಿಳಿಯಾಗಿಸುತ್ತದೆ. ಹತ್ತು ಹನಿ ಕಡುಬೂದಿಗೆ ಒಂದು ಹನಿ ಬಿಳಿ ಸೇರಿಸುವುದು ನನ್ನ ರೂಢಿ.

ಈ ಸಲ ಗೆರೆಗಳನ್ನು ಮರೆತು, ಕಪ್ಪು ಅಡಿಬಣ್ಣದ ಮೇಲೆ ಬೂದನ್ನು ಗೀಚಿದೆ. ಅಕ್ಷರ ಬಾರದ ಮಗು ಪಾಟಿಯ ಮೇಲೆ ಗೀಚುವ ಹಾಗೆ, ಸುರುಳಿ ಸುರುಳಿ. ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ 0.3 ಮಿಲಿಮೀಟರ್ ಸೂಜಿಯ ಏರ್‌ಬ್ರಷ್, ಚದರ ಇಂಚಿಗೆ 15 ಪೌಂಡ್ ಒತ್ತಡ, ಮೈಯಿಂದ ಎರಡು ಬೆರಳು ದೂರ. ಬಣ್ಣ ತಂಬುಳಿಯ ಹದದಲ್ಲಿದ್ದರೆ ಆಗದು, ಗಂಜಿಯ ತಿಳಿಯಷ್ಟು ತೆಳುವಾಗಬೇಕು. ಒಂದು ರೆಕ್ಕೆಗೆ ಮುಕ್ಕಾಲು ಗಂಟೆ ಹಿಡಿಯಿತು. ಬೇಸರದ ಕೆಲಸ, ಸುಳ್ಳು ಹೇಳುವುದಿಲ್ಲ. ಆಮೇಲೆ ಅದೇ ಬೂದನ್ನು ಇನ್ನೂ ತೆಳು ಮಾಡಿ ಇಡೀ ಬೆನ್ನಿನ ಮೇಲೆ ಮಂಜಿನಂತೆ ಹಾಯಿಸಿದರೆ ಗೀಚು ಮಸುಕಾಗಿ, ಚರ್ಮದ ಕೆಳಗಿನ ನರದಂತೆ ಅರ್ಧಂಬರ್ಧ ಉಳಿಯುತ್ತದೆ.

ಇಷ್ಟಾದ ಮೇಲೆ ಉಪ್ಪು. ಹರಳು ಕೂತಲ್ಲಿ ಮೇಲಿನ ಬಣ್ಣ ತಾಗದೆ ಕಲೆ ಉಳಿಯುತ್ತದೆ. ಪ್ಯಾಕೆಟ್ ಉಪ್ಪಿನ ಹರಳು ಒಂದೇ ಗಾತ್ರದ್ದು, ಕಲೆಯೂ ಒಂದೇ ಗಾತ್ರದ್ದಾಗಿ ಚುಕ್ಕಿ ಸೀರೆಯಂತಾಗುತ್ತದೆ. ಆಯಿಯ ಭರಣಿಯ ಉಪ್ಪು, ಗೋಕರ್ಣದ ಬಳಿಯ ಸಾಣಿಕಟ್ಟೆಯದು, ಹಾಗಲ್ಲ. ಗದ್ದೆಗಳಲ್ಲಿ ಬಿಸಿಲಿಗೆ ಒಣಗಿಸಿ ಬಾಚಿದ್ದು, ಹರಳು ಒಂದರಂತೆ ಇನ್ನೊಂದಿಲ್ಲ. ಆದರೆ ಹಾಗೆಯೇ ಹಾಕುವಂತಿಲ್ಲ. ಒಂದು ಮಿಲಿಮೀಟರ್ ಹರಳು 1/72ರಲ್ಲಿ ಏಳು ಸೆಂಟಿಮೀಟರ್ ಕಲೆ. ಕುಟ್ಟಾಣಿಯಲ್ಲಿ ಎರಡು ಪೆಟ್ಟು ಕೊಟ್ಟು, ಚಹಾ ಸೋಸುವ ಜರಡಿಯಲ್ಲಿ ಜಾಲಿಸಿ, ಕೆಳಗೆ ಬಿದ್ದುದನ್ನು ತೆಗೆದುಕೊಂಡೆ. ಪಾತ್ರೆ ತೊಳೆಯುವ ಸಾಬೂನು ಒಂದು ಹನಿ ಬೆರೆಸಿದ ನೀರನ್ನು ರೆಕ್ಕೆಗೆ ಚಿಮುಕಿಸಿದೆ. ಸಾಬೂನಿಲ್ಲದಿದ್ದರೆ ನೀರು ಕೆಸುವಿನೆಲೆಯ ಮೇಲಿನಂತೆ ಗುಂಡಗಾಗಿ ಉರುಳುತ್ತದೆ. ಬೆರಳ ತುದಿಯಿಂದ ಉಪ್ಪು ಉದುರಿಸಿದೆ, ಬೆನ್ನಿನ ಮೇಲೆ ಹೆಚ್ಚು, ಪಕ್ಕೆಗೆ ಕಡಿಮೆ.

ಈಗ ಒಣಗಬೇಕು. ಜೂನ್ ಕೊನೆಯ ಕಾರವಾರದಲ್ಲಿ ಕಲ್ಲುಪ್ಪು ಒಣಗುತ್ತದೆಯೇ? ಬೆಳಗ್ಗೆ ನೋಡಿದರೆ ಉಪ್ಪು ಗಾಳಿಯ ನೀರು ಕುಡಿದು, ರೆಕ್ಕೆಯ ಮೇಲೆ ಅಳುತ್ತಾ ಕುಳಿತಿತ್ತು. ಕೊನೆಗೆ ರಟ್ಟಿನ ಪೆಟ್ಟಿಗೆಯಲ್ಲಿ 60 ವ್ಯಾಟ್ ಬಲ್ಬು ಹಚ್ಚಿ, ಪ್ಲಾಸ್ಟಿಕ್ ಬಾಗದಂತೆ ಒಂದು ಮೊಳ ದೂರ ಇಟ್ಟು ಒಣಗಿಸಿದೆ. ಮಳೆಗಾಲದಲ್ಲಿ ಹಪ್ಪಳಕ್ಕೆ ಮಾಡುವ ಉಪಚಾರವೇ.

ಒಣಗಿದ ಉಪ್ಪಿನ ಮೇಲೆ, ಬೂದಿಗೆ ಬಿಳಿಯನ್ನೂ ಒಂದು ಚೂರು ಹಳದಿಮಿಶ್ರ ಕಂದು ಬಣ್ಣವನ್ನೂ ಸೇರಿಸಿ ಸಿಂಪಡಿಸಿದೆ. ಒತ್ತಡ ಜಾಸ್ತಿಯಾದರೆ ಹರಳು ಹಾರಿಹೋಗುತ್ತದೆ. ಅರ್ಧ ದಿನ ಬಿಟ್ಟು ಹಳೆಯ ಮೆತ್ತನೆ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ, ನಲ್ಲಿಯ ಕೆಳಗೆ ಹಿಡಿದೆ. ಹರಳು ಕೂತಿದ್ದಲ್ಲೆಲ್ಲ ಹಳೆಯ ಕಡುಬೂದು, ಸುತ್ತಲೂ ಬಿಸಿಲಿಗೆ ಮಾಸಿದ ಬೂದು. ಮೊದಲ ನೋಟಕ್ಕೆ ಸಿಡುಬು ಬಂದಂತಿತ್ತು, ಎದೆ ಧಸಕ್ಕೆಂದಿತು. ಇನ್ನೊಮ್ಮೆ ತೆಳು ಬೂದಿನ ಮಂಜು ಹಾಯಿಸಿದ ಮೇಲೆ ಕಲೆಗಳು ಒಳಗೆ ಇಳಿದವು. ಉಪ್ಪನ್ನು ಚೂರೂ ಉಳಿಯದಂತೆ ತೊಳೆಯಲೇಬೇಕು. ಉಳಿದರೆ ವಾರ್ನಿಷ್ ಅಡಿಯಿಂದ ಬೆಳ್ಳಗೆ ಏಳುತ್ತದೆ. ಮಾಮನ ಪಡೆಯವರು ನಿಜವಾದ ವಿಮಾನಕ್ಕೆ ಮಾಡುತ್ತಿದ್ದ ಉಪ್ಪು ತೊಳೆಯುವ ಕೆಲಸವನ್ನೇ ನಾನೂ ಬಚ್ಚಲಿನಲ್ಲಿ ಮಾಡುತ್ತಿದ್ದೆ.

ಮಳೆಗಾಲದ ಇನ್ನೊಂದು ಪಾಠ ಹೋದ ವರ್ಷದ್ದು. ಕಾರಿಗೆ ಹೊಡೆಯುವ ಲ್ಯಾಕರ್ ಮತ್ತು ಥಿನ್ನರ್ ಅಗ್ಗ, ಊರಲ್ಲೇ ಸಿಗುತ್ತದೆ. ಜುಲೈಯಲ್ಲಿ ಕಿಟಕಿ ತೆರೆದು ಅದನ್ನೇ ಹೊಡೆದೆ. ಕಣ್ಣೆದುರೇ ಕಪ್ಪು ಬಣ್ಣ ಬೂಷ್ಟು ಹಿಡಿದಂತೆ ಬೆಳ್ಳಗಾಯಿತು. ಥಿನ್ನರ್ ಸರ್ರನೆ ಆರುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯ ತೇವ ಅದರ ಮೇಲೆ ಕೂತು ಬಣ್ಣದಲ್ಲಿ ಸಿಕ್ಕಿಕೊಳ್ಳುತ್ತದೆ. ನಿಧಾನವಾಗಿ ಆರುವ ರಿಟಾರ್ಡರ್ ಬೆರೆಸಿದರೆ ತಕ್ಕಮಟ್ಟಿಗೆ ತಪ್ಪುತ್ತದೆ. ಕಂಪ್ರೆಸರ್‌ನ ಕೊಳವೆಯಲ್ಲೂ ನೀರು ಕಟ್ಟುತ್ತದೆ, ಅದನ್ನು ಹಿಡಿಯುವ ಬಟ್ಟಲನ್ನು ಕಾಲು ಗಂಟೆಗೊಮ್ಮೆ ಬಸಿಯುತ್ತೇನೆ. ಮುಖಕ್ಕೆ ಮುಸುಕು, ಕಿಟಕಿಗೆ ಹೊರದೂಡುವ ಫ್ಯಾನು ಇಲ್ಲದೆ ಲ್ಯಾಕರ್ ಮುಟ್ಟುವುದಿಲ್ಲ.

ಬಿಳಿ ಹೊಟ್ಟೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ನನಗೇ ತೃಪ್ತಿಯಿಲ್ಲ. ಬಿಳಿಯ ಅಡಿಗೆ ಕಪ್ಪು ಹಾಕಬಾರದು, ಮುಚ್ಚುವಷ್ಟರಲ್ಲಿ ಬಣ್ಣ ದಪ್ಪವಾಗಿ ಗೆರೆಗಳೆಲ್ಲ ತುಂಬಿಹೋಗುತ್ತವೆ. ತಿಳಿಬೂದು ಸಾಕು.

ಪಾರದರ್ಶಕ ಹೊಳಪು ವಾರ್ನಿಷ್, ಅದರ ಮೇಲೆ ಚಕ್ರದ ಗುರುತು ಮತ್ತು ಅಂಕಿಗಳ ಡಿಕಾಲ್ (ಅಂಟಿಸುವ ತೆಳು ಚಿತ್ರ), ಮತ್ತೆ ವಾರ್ನಿಷ್. ಒರಟು ಬಣ್ಣದ ಮೇಲೆ ನೇರವಾಗಿ ಡಿಕಾಲ್ ಅಂಟಿಸಿದರೆ ಅಡಿಯಲ್ಲಿ ಗಾಳಿ ಉಳಿದು ಬೆಳ್ಳಿಯಂತೆ ಮಿನುಗುತ್ತದೆ. ಆಮೇಲೆ ವಾಶ್. ಚಿತ್ರಕಾರರ ಎಣ್ಣೆಬಣ್ಣವನ್ನು ರಟ್ಟಿನ ಮೇಲೆ ಹಿಂಡಿ, ಎಣ್ಣೆ ಹೀರಿದ ಮೇಲೆ ತೆಳು ಮಾಡಿ ಗೆರೆಗೆ ಮುಟ್ಟಿಸಿದರೆ ತಾನೇ ಓಡುತ್ತದೆ. ಕಪ್ಪು ಬೇಡ, ಬೂದಿಗಿಂತ ಒಂದು ಮೆಟ್ಟಿಲು ಕಡುವಾದರೆ ಸಾಕು. ಮೂವತ್ತು ಹೆಜ್ಜೆಯ ದೂರದಲ್ಲಿ ಉಳಿದದ್ದು ಬಾಗಿಲು ಮತ್ತು ಆಡುವ ಅಂಚುಗಳು ಮಾತ್ರವಲ್ಲವೇ, ವಾಶ್ ಕೂಡ ಅವಕ್ಕೆ ಮಾತ್ರ ಗಟ್ಟಿಯಾಗಿ. ಮಿಕ್ಕದ್ದನ್ನು ಗಾಳಿ ಹರಿಯುವ ದಿಕ್ಕಿಗೆ, ಮೂಗಿನಿಂದ ಬಾಲದ ಕಡೆಗೆ, ಒರೆಸುತ್ತೇನೆ.

ಹ್ಯಾರಿಯರ್‌ಗೆ ಪಕ್ಕೆಯಲ್ಲಿ ನಾಲ್ಕು ಮೂತಿಗಳು. ಮುಂದಿನ ಎರಡರಿಂದ ಬರುವುದು ತಣ್ಣನೆಯ ಗಾಳಿ, ಹಿಂದಿನ ಎರಡರಿಂದ ಉರಿಯ ಬಿಸಿ. ನಾಲ್ಕಕ್ಕೂ ಸಮನಾಗಿ ಮಸಿ ಬಳಿದವರ ಮಾದರಿಗಳನ್ನು ಬಹಳ ನೋಡಿದ್ದೇನೆ. ಮಸಿ ಹಿಂದಿನ ಮೂತಿಯ ಹಿಂದೆ ಮಾತ್ರ ಇರಬೇಕು, ಅದೂ ಕಪ್ಪಲ್ಲ, ಕಂದು ಬೆರೆತ ಬೂದು.

ಮೊನ್ನೆ ಇದೆಲ್ಲ ಮುಗಿಸಿ, ಹೊಳಪು ಅಡಗಿಸುವ ಕೊನೆಯ ಪದರವೊಂದನ್ನು ಬಾಕಿ ಇಟ್ಟು ಮಾಮನ ಮನೆಗೆ ಒಯ್ದೆ. ತೇಪೆಗಳನ್ನು ನೋಡಿ ತಲೆಯಾಡಿಸಿದರು. ಹಿಂದಿನ ಮೂತಿಯನ್ನು ಬೆಳಕಿಗೆ ಹಿಡಿದು "ಹೂಂ" ಎಂದರು. ಅವರ ಮಟ್ಟಿಗೆ ಅದು ಹೊಗಳಿಕೆ. ಆಮೇಲೆ ರೆಕ್ಕೆ ಬೆನ್ನಿಗೆ ಸೇರುವ ಜಾಗದಲ್ಲಿ ಕಿರುಬೆರಳಿಟ್ಟರು.

"ಇಲ್ಲಿ ಇಷ್ಟು ಚೊಕ್ಕಟ ಇರುವುದಿಲ್ಲ. ಇದರ ಎಂಜಿನ್ ತೆಗೆಯಬೇಕಾದರೆ ಇಡೀ ರೆಕ್ಕೆಯನ್ನೇ ಎತ್ತಿ ಕೆಳಗಿಡಬೇಕು. ಎಷ್ಟು ಸಲ ಎತ್ತಿದ್ದೇವೆ. ತಿರುಪಿನ ಸುತ್ತ ಬಣ್ಣ ಎಲ್ಲಿ ನಿಲ್ಲುತ್ತದೆ? ನಮ್ಮ ಬೂಟಿನ ಗುರುತು ಎಲ್ಲಿ ಹೋಯಿತು?"

ಅಲ್ಲಿ ಬಣ್ಣ ಎದ್ದ ಚೂರುಗಳನ್ನು ತೋರಿಸಲು ಸ್ಪಂಜಿನ ತುಣುಕನ್ನು ಚಿಮುಟದಲ್ಲಿ ಹಿಡಿದು, ಬಣ್ಣದಲ್ಲಿ ಅದ್ದಿ, ಕಾಗದಕ್ಕೆ ಒತ್ತಿ ಬಹುಪಾಲು ತೆಗೆದು, ಉಳಿದದ್ದನ್ನು ಮೆಲ್ಲಗೆ ತಟ್ಟಬೇಕು. ಪಾತ್ರೆ ತೊಳೆಯುವ ಹೊಸ ಸ್ಪಂಜು ಸಿಂಕಿನ ಪಕ್ಕದಲ್ಲೇ ಇದೆ. ಆಯಿ ಸದ್ಯಕ್ಕೆ ಉಪ್ಪಿನ ಭರಣಿಯನ್ನು ಮಾತ್ರ ಕಾಯುತ್ತಿದ್ದಾಳೆ.